ಎಷ್ಟು ರಾಳ, ಎಂಥ ರಾಳ: ಗಾಂಜಾ ತಳಿ ಅಭಿವೃದ್ಧಿಯ ಒಂದು ಪರಿಶೀಲನೆ

ಸರ್ಕಾರಿ ಸಂಸ್ಥೆಗಳು ವಶಪಡಿಸಿಕೊಂಡ ಗಾಂಜಾದ ಮಾದರಿಗಳನ್ನು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಅಮಲು ತರಿಸುವ ಟಿಎಚ್‌ಸಿ 1995ರಲ್ಲಿ ಆ ಮಾದರಿಗಳಲ್ಲಿ ಸರಾಸರಿ ಶೇ. 4ರಷ್ಟಿತ್ತು; 2014ರ ಹೊತ್ತಿಗೆ ಶೇ. 12ರ ಆಸುಪಾಸಿಗೆ ಏರಿತ್ತು. ಅದೇ ಗಿಡದ ಇನ್ನೊಂದು ಮುಖ್ಯ ರಾಸಾಯನಿಕವಾದ, ಅಮಲಿಲ್ಲದ ಸಿಬಿಡಿ ಮಾತ್ರ ಶೇ. 0.15ಕ್ಕಿಂತ ಕೆಳಗಿಳಿದಿತ್ತು. ಎರಡರ ಅನುಪಾತ 14ರಿಂದ 80ಕ್ಕೆ ಜಿಗಿದಿತ್ತು. ಈ ಅಂಕಿಗಳನ್ನು ಸಾಮಾನ್ಯವಾಗಿ ‘ಗಾಂಜಾ ಮೊದಲಿಗಿಂತ ಖಡಕ್ಕಾಗಿದೆ’ ಎಂಬ ಒಂದೇ ಸುದ್ದಿಯಾಗಿ ಓದುತ್ತಾರೆ. ಆದರೆ ಇಲ್ಲಿ ಎರಡು ಬೇರೆ ಬೇರೆ ಬದಲಾವಣೆಗಳು ನಡೆದಿವೆ. ಗಿಡ ಸುರಿಸುವ ರಾಳದ ಮೊತ್ತ ಹೆಚ್ಚಿದ್ದು ಒಂದು. ಆ ರಾಳದೊಳಗಿನ ಬೆರಕೆ ಒಂದೇ ವಸ್ತುವಿನ ಕಡೆಗೆ ವಾಲಿದ್ದು ಇನ್ನೊಂದು. ಇವೆರಡನ್ನೂ ಒಂದೆಂದು ಭಾವಿಸಿದ್ದೇ ಕಳೆದ ಐವತ್ತು ವರ್ಷಗಳ ಗಾಂಜಾ ತಳಿ ಅಭಿವೃದ್ಧಿಯ ಮೂಲ ದೋಷ. ಗಿಡದ ವೈವಿಧ್ಯ ಕುಗ್ಗಿದ್ದು, ಬಳಸುವವರ ಆರೋಗ್ಯಕ್ಕೆ ಅಪಾಯ ಹೆಚ್ಚಿದ್ದು, ಕಾನೂನು ಗೊಂದಲಕ್ಕೆ ಬಿದ್ದದ್ದು ಈ ಮೂರಕ್ಕೂ ಅದರ ನಂಟಿದೆ ಎಂಬುದು ಈ ಲೇಖನದ ವಾದ.

ಮೊದಲು ರಾಳದ ವಿಚಾರ. ಗಾಂಜಾ ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಗಾಳಿ ಪರಾಗವನ್ನು ಹೊತ್ತೊಯ್ಯುತ್ತದೆ. ಹೆಣ್ಣು ಹೂವನ್ನು ಅಪ್ಪಿಕೊಂಡಿರುವ ಪುಟ್ಟ ಎಸಳೆಲೆಗಳ ಮೇಲೆ, ಬರಿಗಣ್ಣಿಗೆ ಬೂದಿ ಉದುರಿಸಿದಂತೆ ಕಾಣುವ ಸೂಕ್ಷ್ಮ ಗ್ರಂಥಿಗಳು ಒತ್ತಾಗಿರುತ್ತವೆ. ಕೆಲವಕ್ಕೆ ತೊಟ್ಟಿದೆ, ಕೆಲವು ಮೇಲ್ಮೈಗೆ ಅಂಟಿಕೊಂಡಿರುತ್ತವೆ. ತೊಟ್ಟಿನ ತುದಿಯ ಗುಂಡು ತಲೆಯಲ್ಲಿರುವ ಜೀವಕೋಶಗಳು ರಾಳವನ್ನು ತಯಾರಿಸಿ, ಹೊರಪೊರೆಯ ಕೆಳಗಿನ ಚೀಲದಲ್ಲಿ ತುಂಬಿಡುತ್ತವೆ. ಹೂವನ್ನು ಮುಟ್ಟಿದರೆ ಬೆರಳಿಗೆ ಹತ್ತುವ ಅಂಟು ಇದೇ. ಎಳೆಯ ಬೀಜವನ್ನು ಹುಳುಹುಪ್ಪಟೆಗಳಿಂದ ಕಾಯಲು ಗಿಡ ಕಂಡುಕೊಂಡ ಉಪಾಯವಿದು ಎಂಬ ವಿವರಣೆಗೆ ಹೆಚ್ಚಿನ ಬೆಂಬಲವಿದೆ. ಗಾಂಜಾದ ಹತ್ತಿರದ ಬಂಧು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಹೆಣ್ಣು ಹೂಗಳಲ್ಲೂ ಇಂಥದೇ ಗ್ರಂಥಿಗಳಿವೆ. ಅಲ್ಲಿಯೂ ಒಂದೇ ಬಗೆಯ ಆಮ್ಲಗಳ ಅಂಶ ಹೆಚ್ಚಬೇಕೆಂದು ಒಂದು ಶತಮಾನ ಕಾಲ ತಳಿಗಾರರು ದುಡಿದಿದ್ದಾರೆ. ಹಾಗಾಗಿ ರಾಳಕ್ಕಾಗಿ ತಳಿ ರೂಪಿಸುವುದರಲ್ಲಿ ತನ್ನಷ್ಟಕ್ಕೆ ವಿಚಿತ್ರವಾದದ್ದೇನೂ ಇಲ್ಲ. ಏನನ್ನು ಅಳೆದು ಆರಿಸಿದರು, ಯಾವುದನ್ನು ಅಳೆಯದೆ ಬಿಟ್ಟರು ಎಂಬಲ್ಲಿ ಪ್ರಶ್ನೆ ಇದೆ.

ರಾಳದ ಮೊತ್ತವನ್ನು ನಿರ್ಧರಿಸುವುದು ಒಂದೆರಡು ಜೀನುಗಳಲ್ಲ. ಹೂಗೊಂಚಲು ಎಷ್ಟು ದಟ್ಟ, ಎಲೆಯ ಪಾಲೆಷ್ಟು ಹೂವಿನ ಪಾಲೆಷ್ಟು, ಗ್ರಂಥಿಗಳು ಎಷ್ಟು ಒತ್ತಾಗಿವೆ, ಒಂದೊಂದರ ತಲೆ ಎಷ್ಟು ದಪ್ಪ ಎಂಬ ಹಲವು ಗುಣಗಳು ಸೇರಿ ಆ ಮೊತ್ತವಾಗುತ್ತದೆ. ಬೆಳಕು, ನೀರು, ಗೊಬ್ಬರಗಳ ಪ್ರಭಾವವೂ ಅದರ ಮೇಲಿದೆ. ಆದ್ದರಿಂದ ಅದನ್ನು ತಲೆಮಾರಿನಿಂದ ತಲೆಮಾರಿಗೆ ನಿಧಾನವಾಗಿಯೇ ಏರಿಸಬೇಕು. ರಾಳದ ಗುಣದ ಕಥೆ ಬೇರೆ. ಗ್ರಂಥಿಯೊಳಗೆ ಮೊದಲು ಸಿದ್ಧವಾಗುವುದು ಸಿಬಿಜಿ ಆಮ್ಲವೆಂಬ ತಾಯಿವಸ್ತು. ಒಂದು ಕಿಣ್ವ ಅದನ್ನು ಟಿಎಚ್‌ಸಿ ಆಮ್ಲವಾಗಿಸುತ್ತದೆ, ಇನ್ನೊಂದು ಸಿಬಿಡಿ ಆಮ್ಲವಾಗಿಸುತ್ತದೆ. ಡಿ ಮೇಯರ್ ಮತ್ತು ಸಂಗಡಿಗರು 2003ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಟಿಎಚ್‌ಸಿ ತಳಿಯನ್ನು ಸಿಬಿಡಿ ತಳಿಯೊಂದಿಗೆ ಸಂಕರಿಸಿದಾಗ ಮೊದಲ ಪೀಳಿಗೆಯ ಗಿಡಗಳಲ್ಲಿ ಎರಡೂ ವಸ್ತುಗಳಿದ್ದವು. ಎರಡನೆಯ ಪೀಳಿಗೆ ಒಂದು, ಎರಡು, ಒಂದು ಎಂಬ ಪ್ರಮಾಣದಲ್ಲಿ ಒಡೆಯಿತು. ಪ್ರೌಢಶಾಲೆಯಲ್ಲಿ ಓದುವ ಮೆಂಡೆಲನ ನಿಯಮವೇ ಇದು. ಅಂದರೆ ರಾಳ ಯಾವ ಬಗೆಯದಾಗಬೇಕು ಎಂಬುದನ್ನು ಹೆಚ್ಚುಕಡಿಮೆ ಒಂದು ಜೀನು ತಾಣವೇ ತೀರ್ಮಾನಿಸುತ್ತದೆ. ‘ಪರ್ಪಲ್ ಕುಶ್’ ಎಂಬ ಅಮಲಿನ ತಳಿ ಮತ್ತು ‘ಫಿನೋಲಾ’ ಎಂಬ ಅಮಲಿಲ್ಲದ ಹೆಂಪ್ ತಳಿಗಳ ಜೀನೋಮನ್ನು 2011ರಲ್ಲಿ ಕೆನಡಾದ ವಿಜ್ಞಾನಿಗಳು ಹೋಲಿಸಿದಾಗಲೂ ಈ ಎರಡು ಕಿಣ್ವಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂಬುದೇ ಎದ್ದು ಕಂಡ ವ್ಯತ್ಯಾಸವಾಗಿತ್ತು.

ಕನ್ನಡ ಓದುಗರಿಗೆ ಇದನ್ನು ಬ್ಯಾಡಗಿ ಮೆಣಸಿನಕಾಯಿ ಚೆನ್ನಾಗಿ ತಿಳಿಸುತ್ತದೆ. ಅದರ ಬೆಲೆ ನಿಂತಿರುವುದು ಬಣ್ಣದ ಮೇಲೆ, ಖಾರ ಕಡಿಮೆ. ಗುಂಟೂರಿನ ಕಾಯಿಗೆ ಖಾರವೇ ಬಂಡವಾಳ. ಎರಡರಿಂದಲೂ ಕಾರ್ಖಾನೆಗಳು ಓಲಿಯೋರೆಸಿನ್ ಎಂಬ ಸಾರ ತೆಗೆಯುತ್ತವೆ, ಆದರೆ ಒಂದರ ಗಿರಾಕಿ ಇನ್ನೊಂದನ್ನು ಕೊಳ್ಳುವುದಿಲ್ಲ. ಹೆಚ್ಚು ಸಾರವಿದ್ದ ಮಾತ್ರಕ್ಕೆ ಹೆಚ್ಚು ಖಾರವಿರಲೇಬೇಕೆಂದಿಲ್ಲ ಎಂಬುದು ಬ್ಯಾಡಗಿಯ ಮಾರುಕಟ್ಟೆಗೆ ಬರುವ ಯಾವ ರೈತನಿಗೂ ಗೊತ್ತು. ಗಾಂಜಾ ಪೇಟೆ ಮಾತ್ರ ಈ ವಿವೇಕವನ್ನು ಕಲಿಯದೆ ಎಲ್ಲವನ್ನೂ ಖಾರದಿಂದಲೇ ತೂಗಿತು.

ಹಾಗಂತ ಮೊದಲಿನಿಂದಲೂ ಹೀಗೆ ಇರಲಿಲ್ಲ. ಈ ಗಿಡವನ್ನು ಮನುಷ್ಯ ಪಳಗಿಸಿದ್ದು ಪೂರ್ವ ಏಷ್ಯಾದಲ್ಲಿ, ಸುಮಾರು 12,000 ವರ್ಷಗಳ ಹಿಂದೆ ಎಂದು 2021ರಲ್ಲಿ 110 ಗಿಡಗಳ ಜೀನೋಮ್ ಪರಿಶೀಲಿಸಿದ ಅಧ್ಯಯನ ಹೇಳುತ್ತದೆ. ನಾರಿನ ತಳಿ, ಅಮಲಿನ ತಳಿ ಎಂಬ ಕವಲುಗಳು ಮೂಡಿದ್ದು ಬಹಳ ತಡವಾಗಿ. ಪಾಮಿರ್ ಪರ್ವತದ ಜಿರ್ಜಾಂಕಾಲ್ ಸ್ಮಶಾನದಲ್ಲಿ ದೊರೆತ, ಸುಮಾರು 2,500 ವರ್ಷ ಹಳೆಯ ಮರದ ಅಗ್ಗಿಷ್ಟಿಕೆಗಳಲ್ಲಿ ಕಾಡುಗಿಡಕ್ಕೆ ಸಾಮಾನ್ಯವಾಗಿರುವುದಕ್ಕಿಂತ ಹೆಚ್ಚು ಟಿಎಚ್‌ಸಿಯ ಗುರುತುಗಳು ಸಿಕ್ಕಿವೆ. ಅಮಲಿಗಾಗಿ ಗಿಡವನ್ನು ಆರಿಸಿ ತರುತ್ತಿದ್ದುದರ ಹಳೆಯ ಸಾಕ್ಷಿಗಳಲ್ಲಿ ಅದೊಂದು. ಮುಂದೆ ಏಷ್ಯಾದಲ್ಲಿ ರಾಳದ ಕೃಷಿ ಎರಡು ದಾರಿ ಹಿಡಿಯಿತು. ಅಫ್ಘಾನಿಸ್ತಾನ, ತುರ್ಕಿಸ್ತಾನಗಳ ಒಣ ಸೀಮೆಯಲ್ಲಿ ಗಿಡಗಳನ್ನು ಒಣಗಿಸಿ, ಜರಡಿಯಾಡಿ, ಉದುರಿದ ಗ್ರಂಥಿಗಳನ್ನು ಒತ್ತಿ ಚರಸ್ ಮಾಡುತ್ತಿದ್ದರು. ಭಾರತದ ಬಯಲುಸೀಮೆಯಲ್ಲಿ ಬೆಲೆಯಿದ್ದದ್ದು ಬೀಜವಿಲ್ಲದ ಹೂತೆನೆಗೆ, ಅಂದರೆ ಗಾಂಜಾಕ್ಕೆ. ಹಿಮಾಲಯದ ಹಳ್ಳಿಗಳಲ್ಲಿ ಹಸಿ ಹೂವನ್ನು ಅಂಗೈಯಲ್ಲಿ ಉಜ್ಜಿ ಅಂಟು ತೆಗೆಯುವ ಮೂರನೆಯದೊಂದು ಪದ್ಧತಿಯೂ ಉಳಿದುಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಬಂಗಾಳದ ದಾಖಲೆಗಳು ಈ ವಿಚಾರದಲ್ಲಿ ತುಂಬ ಬೆಲೆಯುಳ್ಳವು. 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಮತ್ತು ಸಸ್ಯವಿಜ್ಞಾನಿ ಡೇವಿಡ್ ಪ್ರೇನ್, ರಾಜಶಾಹಿ ಜಿಲ್ಲೆಯ ನೌಗಾಂವ್ ಸುತ್ತಲಿನ ಗಾಂಜಾ ಬೇಸಾಯವನ್ನು ವಿವರವಾಗಿ ದಾಖಲಿಸಿದ್ದಾರೆ. ಅಲ್ಲಿ ಸರ್ಕಾರದ ಉಸ್ತುವಾರಿಯಲ್ಲಿ ಬೆಳೆ ತೆಗೆಯುತ್ತಿದ್ದರು. ಹೊಲಕ್ಕೆ ‘ಪೊದ್ದಾರ್’ ಎಂಬ ಕಸುಬುದಾರ ಬರುತ್ತಿದ್ದ; ಇಂಗ್ಲಿಷ್ ಅಧಿಕಾರಿಗಳು ಅವನನ್ನು ಗಾಂಜಾ ಡಾಕ್ಟರ್ ಎಂದು ಕರೆದರು. ಗಂಡು ಗಿಡಗಳನ್ನು ಹೂ ಅರಳುವ ಮೊದಲೇ ಗುರುತಿಸಿ ಕಿತ್ತು ಹಾಕುವುದು ಅವನ ಕೆಲಸ. ಪರಾಗ ಸಿಗದ ಹೆಣ್ಣು ಹೂ ಬೀಜಕಟ್ಟುವ ಶಕ್ತಿಯನ್ನೆಲ್ಲ ಹೂತೆನೆಗೂ ರಾಳಕ್ಕೂ ಹಾಕುತ್ತದೆ. ಅಮೆರಿಕದಲ್ಲಿ 1970ರ ದಶಕದ ಕ್ರಾಂತಿಕಾರಿ ಶೋಧವೆಂದು ಮುಂದೆ ಮೆರೆದ ‘ಬೀಜವಿಲ್ಲದ ಗಾಂಜಾ’ ಬಂಗಾಳದ ಬೇಸಾಯಗಾರರಿಗೆ ನೂರು ವರ್ಷ ಹಿಂದೆಯೇ ದಿನನಿತ್ಯದ ವಿದ್ಯೆಯಾಗಿತ್ತು. ಇದಕ್ಕೊಂದು ಪರಿಣಾಮವಿದೆ. ಹೆಚ್ಚಿನ ರಾಳವನ್ನು ಅವರು ತಳಿಯ ಗುಣದಿಂದಷ್ಟೇ ಪಡೆಯಲಿಲ್ಲ, ಬೇಸಾಯದ ಕ್ರಮದಿಂದಲೂ ಪಡೆದರು. ಇತ್ತ ಅಫ್ಘನ್ ರೈತ ಇಡೀ ಹೊಲವನ್ನು ಒಟ್ಟಿಗೆ ಜರಡಿಯಾಡುತ್ತಿದ್ದುದರಿಂದ ಯಾವ ಒಂದು ಗಿಡದ ಅಮಲು ಹೆಚ್ಚು ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಹೀಗಾಗಿ ಅಲ್ಲಿಯ ನಾಡತಳಿಗಳು ರಾಳದಲ್ಲಿ ಶ್ರೀಮಂತವಾಗಿದ್ದರೂ ಅವುಗಳಲ್ಲಿ ಸಿಬಿಡಿಯೂ ಗಣನೀಯವಾಗಿ ಉಳಿದಿತ್ತು. ರಾಳದ ಸಮೃದ್ಧಿ ಮತ್ತು ಬೆರಕೆಯ ವೈವಿಧ್ಯ ಜೊತೆಯಾಗಿ ಇರಬಲ್ಲವು ಎಂಬುದಕ್ಕೆ ಇದೇ ಇತಿಹಾಸದ ಪುರಾವೆ.

ಆ ಜೋಡಿ ಮುರಿದದ್ದು ಗಿಡ ಪಶ್ಚಿಮಕ್ಕೆ ಹೋದ ಮೇಲೆ. 1970ರ ದಶಕದಲ್ಲಿ ಅಫ್ಘನ್ ಬೀಜಗಳು ಕ್ಯಾಲಿಫೋರ್ನಿಯಾ ಸೇರಿದವು. ಬೇಗ ಹೂಬಿಡುವ ಆ ಗಿಡ್ಡ ಗಿಡಗಳನ್ನು ಮೆಕ್ಸಿಕೊ, ಕೊಲಂಬಿಯಾಗಳ ಎತ್ತರದ ತಳಿಗಳೊಂದಿಗೆ ಬೆರೆಸಿದರು. ‘ಸ್ಕಂಕ್ ನಂಬರ್ 1’ ಆ ಸಂಕರಗಳಲ್ಲಿ ಹೆಸರುವಾಸಿ. 1983ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ಹೆಲಿಕಾಪ್ಟರ್ ಹಾರಿಸಿ ಬಯಲಿನ ಗಾಂಜಾ ಕೀಳಿಸುವ ಅಭಿಯಾನ ಆರಂಭಿಸಿದಾಗ ಬೇಸಾಯ ಮನೆಯೊಳಗೆ, ದೀಪದ ಕೆಳಗೆ ನುಗ್ಗಿತು. ಅಲ್ಲಿ ಜಾಗ ಕಡಿಮೆ, ವಿದ್ಯುತ್ ಖರ್ಚು ಹೆಚ್ಚು, ಸಿಕ್ಕಿಬೀಳುವ ಭಯ ಸದಾ ಇದ್ದದ್ದೇ. ಅಡಿ ಜಾಗಕ್ಕೆ, ಗ್ರಾಮು ತೂಕಕ್ಕೆ ಹೆಚ್ಚು ಅಮಲು ಕೊಡುವ ಗಿಡವೇ ಉಳಿಯಿತು. ಮದ್ಯನಿಷೇಧದ ಕಾಲದಲ್ಲಿ ಕಳ್ಳಸಾಗಣೆದಾರರು ಬಿಯರ್ ಬಿಟ್ಟು ವಿಸ್ಕಿ ಹಿಡಿದದ್ದೂ ಇದೇ ತರ್ಕದಿಂದ. ತಳಿಗಾರರ ಕೈಯಲ್ಲಿ ಪ್ರಯೋಗಾಲಯ ಇರಲಿಲ್ಲ; ಸೇದಿ ನೋಡುವುದೇ ಅವರ ಪರೀಕ್ಷೆ. ಸೇದಿ ನೋಡಿದರೆ ತಿಳಿಯುವುದು ಟಿಎಚ್‌ಸಿ ಒಂದೇ. ಸಿಬಿಡಿಗೆ ಅಮಲಿಲ್ಲವಾದ್ದರಿಂದ ಅದನ್ನು ಕೊಡುವ ಜೀನು ಗಮನಕ್ಕೇ ಬಾರದೆ ಕೆಲವೇ ಪೀಳಿಗೆಗಳಲ್ಲಿ ಉದುರಿಹೋಯಿತು. ಒಂದು ಜೀನು ತಾಣದ ಗುಣವನ್ನು ಕಳೆದುಕೊಳ್ಳುವುದು ಅಷ್ಟು ಸುಲಭ. ನಿಷೇಧ ಗಾಂಜಾವನ್ನು ಅಳಿಸಲಿಲ್ಲ. ಅದೇ ತಳಿಗಾರನ ಸ್ಥಾನದಲ್ಲಿ ಕೂತು ಒಂದೇ ಬಗೆಯ ಗಿಡವನ್ನು ಆರಿಸಿತು.

ಇದಕ್ಕೆ ಗಿಡ ತೆತ್ತ ಬೆಲೆಯನ್ನು ಮೂರು ಕಡೆ ಕಾಣಬಹುದು. ಮೊದಲನೆಯದು ನಾಡತಳಿಗಳ ಕ್ಷಯ. ಸಂಶೋಧಕರಾದ ಮ್ಯಾಕ್‌ಪಾರ್ಟ್‌ಲ್ಯಾಂಡ್ ಮತ್ತು ಅರ್ನೆಸ್ಟ್ ಸ್ಮಾಲ್ 2020ರ ತಮ್ಮ ವರ್ಗೀಕರಣದಲ್ಲಿ ದಕ್ಷಿಣ ಏಷ್ಯಾ ಹಾಗೂ ಮಧ್ಯ ಏಷ್ಯಾದ ಸಾಂಪ್ರದಾಯಿಕ ತಳಿಗಳನ್ನೂ ಅವುಗಳ ಕಾಡು ಬಂಧುಗಳನ್ನೂ ಅಪಾಯದಲ್ಲಿರುವ ಸಸ್ಯಗಳೆಂದೇ ಕರೆದಿದ್ದಾರೆ. ಹೊರಗಿನಿಂದ ಬಂದ ಸಂಕರ ಬೀಜದ ಪರಾಗ ಗಾಳಿಯಲ್ಲಿ ತೇಲಿ ಹಳೆಯ ತಳಿಗಳನ್ನು ಕೆಡಿಸುವುದು ಅದಕ್ಕೊಂದು ಕಾರಣ. ಎರಡನೆಯದು ಹೆಸರುಗಳ ಅರಾಜಕತೆ. ಒಂದೇ ಹೆಸರಿನಲ್ಲಿ ಮಾರುವ ಮಾದರಿಗಳು ಜೀನಿನ ದೃಷ್ಟಿಯಿಂದ ಬೇರೆ ಬೇರೆಯಾಗಿರುವುದು ಸಾಮಾನ್ಯವೆಂದು 2015ರ ಕೆನಡಾದ ಅಧ್ಯಯನ ತೋರಿಸಿತು. ‘ಇಂಡಿಕಾ’, ‘ಸಟೈವಾ’ ಎಂಬ ಅಂಗಡಿಯ ಲೇಬಲ್ಲುಗಳಿಗೂ ವಂಶಕ್ಕೂ ಗಟ್ಟಿ ಸಂಬಂಧವಿಲ್ಲ, ಕೆಲವೇ ಪರಿಮಳದ ಟರ್ಪೀನುಗಳಿಗೆ ಮಾತ್ರ ಅವು ಹೊಂದುತ್ತವೆ ಎಂಬುದು 2021ರಲ್ಲಿ ಗೊತ್ತಾಯಿತು. ಮೂರನೆಯದು ರೋಗ. ಒಳ್ಳೆಯ ಹೆಣ್ಣು ಗಿಡ ಸಿಕ್ಕರೆ ಬೀಜಕ್ಕೆ ಬಿಡದೆ ಅದರ ಕಡ್ಡಿಗಳನ್ನೇ ನೆಟ್ಟು ಲಕ್ಷಗಟ್ಟಲೆ ನಕಲು ತೆಗೆಯುವುದು ಇಂದಿನ ಉದ್ಯಮದ ಪದ್ಧತಿ. ಹಾಪ್ಸ್ ಬಳ್ಳಿಯಲ್ಲಿ ಮೊದಲು ಕಂಡುಬಂದ, ವೈರಾಯ್ಡ್ ಎಂಬ ಬಗೆಯ ಒಂದು ರೋಗಾಣು 2019ರಲ್ಲಿ ಕ್ಯಾಲಿಫೋರ್ನಿಯಾದ ಗಾಂಜಾದಲ್ಲಿ ಪತ್ತೆಯಾಯಿತು. ಅದು ತಗುಲಿದ ಗಿಡ ಸೊರಗುತ್ತದೆ, ರಾಳ ಕುಸಿಯುತ್ತದೆ. ಕಡ್ಡಿಯಿಂದ ಕಡ್ಡಿಗೆ, ಕತ್ತರಿಯಿಂದ ಕತ್ತರಿಗೆ ಅದು ಹರಡಿತು. ರಾಳ ಹೆಚ್ಚಲೆಂದು ಹಿಡಿದ ದಾರಿಯೇ ರಾಳವನ್ನು ಕಸಿಯುವ ರೋಗಕ್ಕೂ ದಾರಿಯಾಯಿತು.

ಇನ್ನು ಬಳಸುವವರ ಆರೋಗ್ಯ. ಯುರೋಪ್ ಮತ್ತು ಬ್ರೆಜಿಲ್‌ನ 11 ಕೇಂದ್ರಗಳಲ್ಲಿ ನಡೆದು 2019ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ. 10 ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಸೇದುವವರಲ್ಲಿ ಮನೋವಿಕೃತಿಯ ಸಾಧ್ಯತೆ, ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು. ಇದಕ್ಕೆ ಎರಡು ಆಕ್ಷೇಪಗಳಿವೆ. ಅದು ಸಂಬಂಧವಷ್ಟೆ, ಕಾರಣವೆಂದು ಹೇಳಲಾಗದು ಎಂಬುದು ಒಂದು. ಈ ಆಕ್ಷೇಪ ನ್ಯಾಯವಾದದ್ದೇ: ಕಾಯಿಲೆಯ ಒಲವಿರುವವರೇ ಗಾಂಜಾದತ್ತ ಹೆಚ್ಚು ವಾಲುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಆದರೂ ದಿನನಿತ್ಯ ಸೇದುವವರಲ್ಲೂ ಅಮಲು ಹೆಚ್ಚಾದಂತೆ ಅಪಾಯದ ಅಂಕಿ ಏರುವುದನ್ನು ಆ ವಾದವೊಂದೇ ವಿವರಿಸಲಾರದು. ಖಡಕ್ಕಾದ ಮಾಲು ಸಿಕ್ಕರೆ ಜನ ಕಡಿಮೆ ಸೇದುತ್ತಾರೆ, ಆದ್ದರಿಂದ ಹೊಗೆಯ ಹಾನಿಯೂ ಕಡಿಮೆ ಎಂಬುದು ಇನ್ನೊಂದು ಆಕ್ಷೇಪ. ನೆದರ್ಲ್ಯಾಂಡ್ಸ್‌ನಲ್ಲಿ ಸೇದುವವರನ್ನು ಗಮನಿಸಿದ ಸಂಶೋಧಕರಿಗೆ ಇದರಲ್ಲಿ ಅರ್ಧ ಸತ್ಯ ಕಂಡಿತು. ಜನ ಕೊಂಚ ಕಡಿಮೆ ಎಳೆಯುತ್ತಾರೆ ನಿಜ, ಆದರೆ ಹೆಚ್ಚಿದ ಅಮಲಿಗೆ ಸರಿದೂಗುವಷ್ಟಲ್ಲ. ಒಟ್ಟಿನಲ್ಲಿ ದೇಹ ಸೇರುವ ಟಿಎಚ್‌ಸಿ ಹೆಚ್ಚೇ ಆಗುತ್ತದೆ.

ತಳಿಗಾರರ ಪರವಾಗಿ ಬರುವ ಬಲವಾದ ವಾದ ಬೇರೆಯದು: ಗಿರಾಕಿ ಕೇಳಿದ್ದನ್ನು ಬೆಳೆಗಾರ ಬೆಳೆಯುತ್ತಾನೆ, ಇದರಲ್ಲಿ ಅವನ ತಪ್ಪೇನು? ಉರುಗ್ವೆಯ ಅನುಭವ ಈ ವಾದಕ್ಕೆ ಬೆಂಬಲ ಕೊಡುವಂತೆ ಕಾಣುತ್ತದೆ. 2017ರಲ್ಲಿ ಅಲ್ಲಿಯ ಔಷಧ ಅಂಗಡಿಗಳಲ್ಲಿ ಸರ್ಕಾರ ಮೃದುವಾದ ಗಾಂಜಾವನ್ನು ಮಾರಾಟಕ್ಕಿಟ್ಟಿತು, ಜನ ಗೊಣಗಿದರು, ಮುಂದೆ ಸರ್ಕಾರವೇ ಹೆಚ್ಚು ಅಮಲಿನ ತಳಿಗಳನ್ನು ತರಬೇಕಾಯಿತು. ಆದರೆ ಗಿರಾಕಿ ಕೇಳುವುದು ಅವನ ಕಣ್ಣಿಗೆ ಬೀಳುವ ಅಂಕಿಯನ್ನು. ಅಮೆರಿಕದ ಅಂಗಡಿಗಳಲ್ಲಿ ಆ ಅಂಕಿ ಟಿಎಚ್‌ಸಿಯ ಶೇಕಡಾವಾರು. ಕೊಲರಾಡೊದ ಅಂಗಡಿಗಳ ಮಾದರಿಗಳನ್ನು ಪರೀಕ್ಷಿಸಿದ 2023ರ ವರದಿಯಲ್ಲಿ, ಸುಮಾರು ಶೇ. 70ರಷ್ಟರಲ್ಲಿ ನಿಜವಾದ ಟಿಎಚ್‌ಸಿ ಲೇಬಲ್ಲಿನ ಮೇಲೆ ಬರೆದಿದ್ದಕ್ಕಿಂತ ಸಾಕಷ್ಟು ಕಡಿಮೆ ಇತ್ತು. ಬೇಡಿಕೆ ನಿಜವಾಗಿ ಅಮಲಿಗಿದ್ದಿದ್ದರೆ ಈ ಮೋಸ ಬೇಗ ಬಯಲಾಗಿ ಮಾಲು ಮೂಲೆಗೆ ಬೀಳಬೇಕಿತ್ತು. ಹಾಗಾಗಲಿಲ್ಲ. ಅಂದರೆ ಬೇಡಿಕೆಯ ಬಹುಪಾಲು ಅಂಕಿಗೆ ಕಟ್ಟಿಕೊಂಡದ್ದು. ಅಂಕಿಯನ್ನು ಬದಲಿಸಿದರೆ, ಲೇಬಲ್ಲಿನಲ್ಲಿ ಬೆರಕೆಯ ಅನುಪಾತವೂ ಕಾಣುವಂತಾದರೆ, ಬೇಡಿಕೆಯೂ ಬದಲಾಗಲು ಅವಕಾಶವಿದೆ. ಜರ್ಮನಿ 2024ರಲ್ಲಿ 21 ವರ್ಷದೊಳಗಿನವರಿಗೆ ಶೇ. 10ರ ಮಿತಿ ಹಾಕಿದ್ದು ಆ ದಿಕ್ಕಿನ ಒಂದು ಹೆಜ್ಜೆ, ಅದಿನ್ನೂ ಮೊತ್ತದ ಲೆಕ್ಕದಲ್ಲೇ ಇದ್ದರೂ.

ಗುಣವನ್ನು ಗುರಿಯಾಗಿಸಿ ತಳಿ ಮಾಡಬಹುದು ಎಂಬುದು ಬರಿಯ ಆಸೆಯಲ್ಲ. ನೆದರ್ಲ್ಯಾಂಡ್ಸ್‌ನ ಹೋರ್ಟಾಫಾರ್ಮ್ ಕಂಪನಿಯ ತಳಿಗಳನ್ನು ಪಡೆದ ಬ್ರಿಟನ್ನಿನ ಜಿಡಬ್ಲ್ಯು ಫಾರ್ಮಾಸ್ಯುಟಿಕಲ್ಸ್, ಒಂದರಲ್ಲಿ ಟಿಎಚ್‌ಸಿ, ಇನ್ನೊಂದರಲ್ಲಿ ಸಿಬಿಡಿ ಪ್ರಧಾನವಾಗಿರುವ ಗಿಡಗಳನ್ನು ಬೆಳೆದು, ಎರಡನ್ನೂ ಸರಿಸುಮಾರು ಸಮವಾಗಿ ಬೆರೆಸಿ ‘ಸಟೈವೆಕ್ಸ್’ ಎಂಬ ಔಷಧ ತಯಾರಿಸಿತು. ಅದೇ ಕಂಪನಿಯ, ಶುದ್ಧ ಸಿಬಿಡಿಯ ‘ಎಪಿಡಿಯೋಲೆಕ್ಸ್’ ಔಷಧಕ್ಕೆ 2018ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಕ್ಕಳಲ್ಲಿ ಕಾಣುವ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ ಆ ಒಪ್ಪಿಗೆ ದೊರೆತಿತ್ತು. ಎರಡರ ಹಿಂದೆಯೂ ರಾಳ ಸಮೃದ್ಧವಾಗಿರುವ ಗಿಡಗಳೇ ಇವೆ. ರಾಳ ಹೆಚ್ಚಿಸುವ ವಿದ್ಯೆಯೇ ಕೆಟ್ಟದ್ದು ಎನ್ನುವವರಿಗೆ ಇದು ಉತ್ತರ. ಆದರೆ ಇಲ್ಲೊಂದು ತೊಡಕೂ ಇದೆ. ಸಿಬಿಡಿ ತಯಾರಿಸುವ ಕಿಣ್ವ ಅಷ್ಟು ಚೊಕ್ಕವಲ್ಲ. ಜೊತೆಗೆ ಒಂದಿಷ್ಟು ಟಿಎಚ್‌ಸಿಯನ್ನೂ ಸೃಷ್ಟಿಸುತ್ತದೆ. ರಾಳದ ಮೊತ್ತ ಏರಿದಂತೆ ಆ ಚೂರೂ ಏರಿ, ಹೆಂಪಿಗೆ ಹಲವು ದೇಶಗಳು ವಿಧಿಸಿರುವ ಶೇ. 0.3ರ ಗೆರೆಯನ್ನು ದಾಟುತ್ತದೆ. ಬೆಳೆಗಾರ ಬೆಳೆಯನ್ನೇ ನಾಶಮಾಡಬೇಕಾಗುತ್ತದೆ. ಆ ಗೆರೆ ಹುಟ್ಟಿದ್ದು 1976ರಲ್ಲಿ, ಸ್ಮಾಲ್ ಮತ್ತು ಕ್ರಾನ್‌ಕ್ವಿಸ್ಟ್ ಗಿಡಗಳನ್ನು ವರ್ಗೀಕರಿಸಲು ಹಾಕಿಕೊಂಡ ಅನುಕೂಲದ ಅಳತೆಯಾಗಿ. ಸಸ್ಯಶಾಸ್ತ್ರದ ಅಳತೆಗೋಲು ಕಾನೂನಿನ ಕೈಸೇರಿದಾಗ, ಅಮಲೇ ಬಾರದ ಗಿಡವೂ ಅಪರಾಧದ ವಸ್ತುವಾಗುವ ವಿಪರ್ಯಾಸ ಹೀಗೆ ಒದಗಿತು. ಮೊತ್ತವನ್ನು ಬಿಟ್ಟು ಅನುಪಾತವನ್ನು ನೋಡಿದ್ದರೆ ಈ ಸಮಸ್ಯೆಯ ಬಹುಪಾಲು ಇರುತ್ತಿರಲಿಲ್ಲ.

ಭಾರತಕ್ಕೆ ಈ ಚರ್ಚೆ ಯಾಕೆ ಬೇಕು, ಇಲ್ಲಿ ಗಾಂಜಾ ನಿಷಿದ್ಧವಲ್ಲವೆ ಎಂದು ಕೇಳಬಹುದು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ನಿಂತಿರುವುದೇ ರಾಳದ ಲೆಕ್ಕದ ಮೇಲೆ. ಬೇರ್ಪಡಿಸಿದ ರಾಳ ಚರಸ್, ಹೂತೆನೆ ಗಾಂಜಾ, ಹೂವಿನ ಸಂಗವಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಎಲೆಯಿಂದ ತಯಾರಿಸುವ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿದ್ದು ಇದೇ ಆಧಾರದ ಮೇಲೆ. ಗಾಂಜಾಕ್ಕೆ 20 ಕಿಲೋ ವಾಣಿಜ್ಯ ಪ್ರಮಾಣವಾದರೆ ಚರಸ್‌ಗೆ 1 ಕಿಲೋ. ಇಪ್ಪತ್ತಕ್ಕೆ ಒಂದು ಎಂಬ ಈ ಲೆಕ್ಕ, ಹೂವಿನಲ್ಲಿ ರಾಳ ಕಡಿಮೆ ಎಂಬ ಹಳೆಯ ತಿಳಿವಳಿಕೆಗೆ ಹೊಂದುತ್ತದೆ. ಶೇ. 20ರ ಆಸುಪಾಸಿನ ಟಿಎಚ್‌ಸಿ ಇರುವ ಇಂದಿನ ಸಂಕರ ತಳಿಯ ಹೂವು ಎಷ್ಟೋ ಸಲ ಹಳೆಯ ಚರಸ್ಸಿಗೆ ಸಮನಾಗಿ ನಿಲ್ಲುತ್ತದೆ. ಕಾನೂನಿನ ಗೆರೆ ಹಾಗೇ ಇದೆ, ಗಿಡ ಅದನ್ನು ದಾಟಿಹೋಗಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ 27–25 ಮತಗಳಿಂದ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ನಾಲ್ಕನೆಯ ಪಟ್ಟಿಯಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿತು. 2018ರಲ್ಲಿ ಉತ್ತರಾಖಂಡ ಹೆಂಪ್ ಬೇಸಾಯಕ್ಕೆ ಪರವಾನಗಿ ಆರಂಭಿಸಿತು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಲ್ಲಿ ಔಷಧಕ್ಕಾಗಿ ಸಂಶೋಧನೆ ನಡೆದಿದೆ. ಬಾಗಿಲು ತೆರೆಯುತ್ತಿದೆ. ಒಳಗೆ ಬರುವ ಬೀಜ ಯಾವುದು ಎಂಬುದನ್ನು ಈಗಲೇ ಯೋಚಿಸಬೇಕು.

ಪರವಾನಗಿ ಸಿಕ್ಕ ಕೂಡಲೇ ಯುರೋಪಿನ ಸಿದ್ಧ ಬೀಜ ತರಿಸಿ ಬಿತ್ತುವುದು ಸುಲಭದ ದಾರಿ. ಹಾಗೆ ಮಾಡಿದರೆ ಹಿಮಾಲಯದ ಕಣಿವೆಗಳಲ್ಲಿ ಇನ್ನೂ ಉಳಿದಿರುವ ತಳಿಗಳಿಗೆ ಗಾಳಿಯ ಮೂಲಕವೇ ಕೇಡು ಬರುತ್ತದೆ. ಆ ತಳಿಗಳೇ ಜಗತ್ತಿನ ತಳಿಗಾರರು ಐವತ್ತು ವರ್ಷ ಬಾಚಿಕೊಂಡ ಮೂಲ ಬಂಡವಾಳ. ರೋಗ ತಡೆಯುವ ಗುಣ, ಅಪರೂಪದ ಬೆರಕೆ ಏನೇ ಬೇಕಾದರೂ ಹುಡುಕಬೇಕಾದದ್ದು ಅಲ್ಲಿಯೇ. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತಾಗುತ್ತದೆ ಎಂಬ ಹೆದರಿಕೆಯಿಂದ ಅವುಗಳ ಸಂಗ್ರಹವನ್ನು ಮುಂದೂಡುವುದು ಸರಿಯಲ್ಲ. ಬೀಜ ಎನ್‌ಡಿಪಿಎಸ್ ವ್ಯಾಖ್ಯೆಯ ಹೊರಗಿದೆ, ಬೀಜ ಭಂಡಾರದಲ್ಲಿ ಕೂಡಿಡುವುದರಿಂದ ಯಾರಿಗೂ ಅಮಲೇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಕೆಲಸದ ಕ್ರಮ ಹೀಗಿರಬೇಕು: ಮೊದಲು ನಾಡತಳಿಗಳ ಸಂಗ್ರಹ ಮತ್ತು ರಾಸಾಯನಿಕ ಪರೀಕ್ಷೆ, ಆಮೇಲೆ ಉದ್ದೇಶಕ್ಕೆ ತಕ್ಕ ಬೆರಕೆಯ ತಳಿ, ಕೊನೆಗೆ ಮೊತ್ತ ಹೆಚ್ಚಿಸುವ ಪ್ರಯತ್ನ. ಪಶ್ಚಿಮ ಈ ಸಾಲನ್ನು ತಲೆಕೆಳಗು ಮಾಡಿ, ಮೊತ್ತವನ್ನು ಮೊದಲಿಟ್ಟು, ಉಳಿದೆರಡನ್ನು ಈಗ ದುಬಾರಿ ಬೆಲೆಗೆ ಹುಡುಕುತ್ತಿದೆ. ನೌಗಾಂವಿನ ಕಾಲದಲ್ಲಿ ಸರ್ಕಾರದ ಉಸ್ತುವಾರಿಯಲ್ಲೇ ಗಾಂಜಾ ಬೆಳೆಸಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟ ದೇಶ ಆ ತಪ್ಪನ್ನು ಸಾಲ ತಂದು ಮಾಡಬೇಕಾದ ಅಗತ್ಯವಿಲ್ಲ.